ಅಲಮೇಲಮ್ಮ ಮತ್ತು ಮರಳು
2025 ಜನವರಿ 3, ಶುಕ್ರವಾರ
ಮೈಸೂರು

ಮಗಳ ತರಗತಿಯಲ್ಲಿ ಇವತ್ತು ಮರಳಲ್ಲಿ ಹೂತುಹೋದ ತಲಕಾಡಿನ ಮಾತು ಬಂದಿತ್ತಂತೆ. ಅಲಮೇಲಮ್ಮನ ಶಾಪ ಗೀಪ ಏನೂ ಇಲ್ಲ, ಅದೆಲ್ಲ ಗಾಳಿ ತಂದು ಸುರಿದ ಮರಳು ಎಂದು ಮೇಷ್ಟ್ರು ಹೇಳಿದರೆಂದು, ಹೆಗಲ ಚೀಲ ಇಳಿಸುವ ಮೊದಲೇ ಅಜ್ಜಿಗೆ ವರದಿ ಒಪ್ಪಿಸಿದಳು. ಅತ್ತೆಯವರು ನಡುಮನೆಯಲ್ಲಿ ಕಾಲು ಚಾಚಿಕೊಂಡು, ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದರು. ಹೆಬ್ಬೆರಳು, ತೋರುಬೆರಳ ನಡುವೆ ಕಾಳನ್ನಿಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಆ ಕೆಲಸಕ್ಕೆ ಅವರು ಕಣ್ಣು ಕೊಡಬೇಕಾಗಿಲ್ಲ. ಮೊಮ್ಮಗಳ ಮುಖವನ್ನೇ ನೋಡುತ್ತ ಅವರು ಕೇಳಿದ ಮಾತು ಈ ಹೊತ್ತಿನವರೆಗೂ ನನ್ನನ್ನು ಬಿಟ್ಟಿಲ್ಲ.

"ಮರಳು ಗಾಳಿಗೇ ಬಂತು ಅಂತ ಇಟ್ಕೊ ಪುಟ್ಟಿ. ಆಯಮ್ಮ ಹೊಳೆಗೆ ಬಿದ್ದದ್ದೂ ಗಾಳಿಗೇನಾ?"

ಅತ್ತೆಯವರ ತವರು ತಲಕಾಡಿನ ಎದುರು ದಡ, ಮಾಲಂಗಿಯ ಕಡೆ. 'ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗೆ ಮಕ್ಕಳಾಗದೆ ಹೋಗಲಿ' ಎಂಬ ಅಲಮೇಲಮ್ಮನ ಶಾಪವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಅವರಿಗೆ ಅದು ತಮ್ಮೂರಿನ ನೀರಿನ ವಿಷಯ. ಮಡುವಿನ ಹತ್ತಿರ ದೀಪ ಹಚ್ಚುವ ಹೊತ್ತಿನ ಮೇಲೆ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲವಂತೆ. ಮೈತುಂಬ ಒಡವೆ ಹಾಕಿಕೊಂಡೇ ಹಾರಿದ ಅಲಮೇಲಮ್ಮ ಒಳಗಿನಿಂದ ಹೊಳೆಯುತ್ತಾಳೆ, ಆ ಹೊಳಪು ನೋಡಿ ಬಗ್ಗಿದವರು ಮತ್ತೆ ಏಳುವುದಿಲ್ಲ ಎಂದು ಅವರ ಅವ್ವ ಹೆದರಿಸುತ್ತಿದ್ದರಂತೆ. ಈ ಹೆದರಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಆ ಭಾಗದ ಕಾವೇರಿ ಮೇಲೆ ಸುಮ್ಮನೆ ಕಾಣುತ್ತದೆ, ಒಳಗೆ ಸುಳಿಯಿರುತ್ತದೆ. ಈಜಲು ಇಳಿದು ಮುಳುಗಿದವರ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಮೇಷ್ಟ್ರ ಮಾತೂ ಸುಳ್ಳಲ್ಲ. ಗಂಗರ ರಾಜಧಾನಿಯಾಗಿದ್ದ, ಚೋಳರ ಕೈಗೆ ಹೋಗಿ ರಾಜರಾಜಪುರವಾಗಿದ್ದ, ವಿಷ್ಣುವರ್ಧನ ಗೆದ್ದು 1117ರಲ್ಲಿ ಕೀರ್ತಿನಾರಾಯಣನನ್ನು ನಿಲ್ಲಿಸಿದ ಆ ಊರಿನ ಮೇಲ್ಗಡೆ, ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿಯ ಕಟ್ಟೆ ಎದ್ದಿತು. ಕಟ್ಟೆ ನೀರನ್ನು ತಡೆದ ಮೇಲೆ ಕೆಳಗಿನ ತಿರುವಿನಲ್ಲಿ ಹೊಳೆಯ ಪಾತ್ರ ಬರಿದಾಗಿ ಮರಳು ಬಿಸಿಲಿಗೆ ಒಣಗತೊಡಗಿತು, ನೈಋತ್ಯದ ಗಾಳಿ ಅದನ್ನು ವರ್ಷವರ್ಷವೂ ಊರಿನ ಮೇಲೆ ಹೊತ್ತು ಹಾಕಿತು ಎಂದು ಭೂವಿಜ್ಞಾನ ಬಲ್ಲವರು ವಿವರಿಸುತ್ತಾರೆ. ನನಗೆ ಈ ವಿವರಣೆ ಒಪ್ಪಿಗೆಯೇ. ಹಾಗೆ ನೋಡಿದರೆ ಅಲಮೇಲಮ್ಮ ಬಾಯಿ ತೆರೆಯುವ ಎಷ್ಟೋ ತಲೆಮಾರಿನ ಮೊದಲೇ ಮರಳು ಹೊರಟಾಗಿತ್ತು. ಪಾತಾಳೇಶ್ವರನ ಗುಡಿಗೆ ಮೆಟ್ಟಿಲಿಳಿದು ಹೋಗುವಾಗ ಎರಡೂ ಪಕ್ಕದ ಮರಳು ತಲೆಯಿಂದ ಮೇಲಕ್ಕೇರುತ್ತದೆ; ನಾಲ್ಕು ಹೆಜ್ಜೆ ನಡೆಯುವುದರೊಳಗೆ ಚಪ್ಪಲಿ ಬಿಟ್ಟ ಕಾಲಿನ ಬೆರಳ ಸಂದಿಯಲ್ಲೆಲ್ಲ ಅದೇ. ಅಲ್ಲಿ ನಿಂತವರಿಗೆ ಇಷ್ಟೆಲ್ಲ ಬರೀ ಗಾಳಿಯ ಕೆಲಸವೆಂದು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ, ಅಷ್ಟೆ.

ಅತ್ತೆಯವರ ಪ್ರಶ್ನೆ ಮಾತ್ರ ಮರಳಿನದಲ್ಲ. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ಕೈಸೇರಿತು. ವಿಜಯನಗರದ ಪ್ರತಿನಿಧಿಯಾಗಿ ಅಲ್ಲಿದ್ದವನನ್ನು ಕಥೆ ಶ್ರೀರಂಗರಾಯನೆಂದು ಕರೆಯುತ್ತದೆ, ಚರಿತ್ರೆಯ ಪುಸ್ತಕಗಳು ತಿರುಮಲರಾಯನೆನ್ನುತ್ತವೆ. ಬೆನ್ನುಫಣಿಯ ಬೇನೆ ವಾಸಿಯಾಗಲೆಂದು ಅವನು ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಬಂದು ಅಲ್ಲಿಯೇ ತೀರಿಕೊಂಡ. ಹೆಂಡತಿ ಅಲಮೇಲಮ್ಮ ಮಾಲಂಗಿಯಲ್ಲಿ ಉಳಿದಳು. ಮಂಗಳವಾರ ಶುಕ್ರವಾರಗಳಂದು ಶ್ರೀರಂಗಪಟ್ಟಣದ ಗುಡಿಯ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು ಅವಳ ಹತ್ತಿರವಿದ್ದವು. ಅವು ಬೇಕೆಂದು ಅರಮನೆಯಿಂದ ಕರೆ ಬಂದಾಗ ಅವಳು ಮುತ್ತಿನ ಮೂಗುತಿಯೊಂದನ್ನು ಕಳಿಸಿಕೊಟ್ಟಳು. ಅಷ್ಟು ಸಾಲದೆ ದಂಡು ಬಂತು. ಗಂಡನನ್ನು ಕಳೆದುಕೊಂಡು, ಪಟ್ಟಣ ಕಳೆದುಕೊಂಡು, ಕೈಯಲ್ಲಿದ್ದುದರಲ್ಲಿ ಕೊಡಬಹುದಾದ್ದನ್ನು ಕೊಟ್ಟೂ ಆದ ಮೇಲೆ ಬಾಗಿಲಿಗೆ ಆಳುಗಳು ಬಂದು ನಿಂತರೆ ಆ ಹೆಂಗಸಿನ ಹತ್ತಿರ ಉಳಿಯುವುದೇನು? ಒಂದು ಮಾತು, ಮುಂದೆ ಹೊಳೆ.

ಮಗಳಿಗೆ ಹೆದರಿಕೆಯೇ ಮುಖ್ಯವಾಗಿತ್ತು. "ಅವರು ಈಗಲೂ ನೀರಲ್ಲಿ ಇದ್ದಾರಾ ಅಜ್ಜಿ? ನಾವು ಮೈಸೂರವರಲ್ವಾ, ನಮಗೂ ಶಾಪ ತಗಲುತ್ತಾ?"

"ನಿಂಗ್ಯಾಕೆ ತಗಲುತ್ತವ್ವ? ನೀನೇನು ಅವರ ಒಡವೆ ಕಿತ್ಕೊಂಡಿದ್ದೀಯಾ?" ಎಂದರು ಅತ್ತೆಯವರು. ಅವಳು ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಅಜ್ಜಿಯ ಪಕ್ಕ ಕೂತು ಕಾಳು ಹಿತುಕತೊಡಗಿದಳು.

ಶಾಪದ ಮೂರನೆಯ ಮಾತಿನ ಮೇಲೆ, ದೊರೆಗೆ ಮಕ್ಕಳಾಗದಿರಲಿ ಎಂಬುದರ ಮೇಲೆ, ಈ ಊರಿನಲ್ಲಿ ಎಷ್ಟು ಮಾತು ಹರಿದಿದೆಯೋ. ಮುಮ್ಮಡಿಯವರು ದತ್ತು ಪಡೆದದ್ದು, ನಾಲ್ವಡಿಯವರಿಗೆ ಮಕ್ಕಳಿಲ್ಲದೆ 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದದ್ದು, ಶ್ರೀಕಂಠದತ್ತರು 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ 2015ರಲ್ಲಿ ಯದುವೀರರನ್ನು ದತ್ತು ತೆಗೆದುಕೊಂಡದ್ದು, ಎಲ್ಲವನ್ನೂ ಜನ ಶಾಪದ ಲೆಕ್ಕಕ್ಕೇ ಬರೆದರು. 2017ರ ಡಿಸೆಂಬರಿನಲ್ಲಿ ಯದುವೀರರಿಗೆ ಗಂಡು ಮಗುವಾದಾಗ ಶಾಪ ವಿಮೋಚನೆಯಾಯಿತು ಎಂದು ಟೀವಿಯಲ್ಲೆಲ್ಲ ಅದೇ ಸುದ್ದಿ. ಜಯಚಾಮರಾಜರಿಗೆ ಸ್ವಂತ ಮಗನಿದ್ದರೆಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂತಾನದ ಈ ಲೆಕ್ಕಾಚಾರ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಮಕ್ಕಳಾಗದ ಅರಸಿಯರ ಸಂಕಟವನ್ನು ಜನ ಬಾಯಿ ಚಪ್ಪರಿಸಿಕೊಂಡು ಆಡುವುದು ನನಗೆ ಸೇರುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ. ಅಲಮೇಲಮ್ಮನ ವಿಗ್ರಹ ಮೈಸೂರು ಅರಮನೆಯೊಳಗೇ ಇದೆ, ಅದಕ್ಕೆ ಪೂಜೆ ಸಲ್ಲುತ್ತದೆ. ಗೆದ್ದ ಮನೆಯವರು ತಮ್ಮನ್ನು ಶಪಿಸಿ ಸತ್ತವಳನ್ನು ದೇವರ ಪಕ್ಕದಲ್ಲಿಟ್ಟು ಕೈಮುಗಿಯುವುದು ಭಯದಿಂದಲೋ ಪಶ್ಚಾತ್ತಾಪದಿಂದಲೋ, ಎರಡೂ ಇರಬಹುದು. ಶಾಪದ ಕಥೆ ಇಲ್ಲದಿದ್ದರೆ ಪಟ್ಟಣ ಕಳೆದುಕೊಂಡ ಆ ಹೆಂಗಸಿನ ಹೆಸರು ಇಷ್ಟು ಶತಮಾನ ಯಾರ ಬಾಯಲ್ಲಿ ಉಳಿಯುತ್ತಿತ್ತು? ಮೇಷ್ಟ್ರು ಮರಳನ್ನು ವಿವರಿಸಲಿ, ಚೆನ್ನಾಗಿಯೇ ವಿವರಿಸಲಿ. ಆ ವಿವರಣೆಯ ಜೊತೆಗೆ ಮೂಗುತಿಯ ಮಾತನ್ನೂ ಮಕ್ಕಳಿಗೆ ಹೇಳಬೇಕು ಎನ್ನುವುದಷ್ಟೇ ನನ್ನ ಆಸೆ.

ಕೆಲವರು ಹೇಳುವ ಕಥೆಯಲ್ಲಿ ಶ್ರೀರಂಗರಾಯನಿಗೆ ಇನ್ನೊಬ್ಬ ಹೆಂಡತಿಯೂ ಇದ್ದಾಳೆ, ರಂಗಮ್ಮ. ಅವಳು ಶಪಿಸಿದಳೆಂದಾಗಲಿ ಹಾರಿದಳೆಂದಾಗಲಿ ನಾನು ಕೇಳಿಲ್ಲ, ಅವಳನ್ನು ತೋರಿಸಿ ಯಾವ ಮಗುವನ್ನೂ ಹೆದರಿಸಿದ್ದು ಗೊತ್ತಿಲ್ಲ. ದಂಡು ಬಂದ ದಿನ ಅವಳು ಎಲ್ಲಿದ್ದಳು, ಆಮೇಲೆ ಯಾರ ಮನೆ ಸೇರಿದಳು ಎಂದು ಬೆಳಿಗ್ಗೆ ಅತ್ತೆಯವರನ್ನು ಕೇಳಬೇಕು.