ವಿಂಡೋ ಕಳಿಸಿದ್ರೆ ನಾನೂ ಜೊತೆಗೆ ಹೋಗ್ಬೇಕಾ? ನನ್ನ ವಿಂಡೋ ಮ್ಯಾನೇಜರ್ ಎಲ್ಲಿಗೆ ಬಂತು ಅಂದ್ರೆ

ತೆರೆ ಮೇಲೆ ವಿಂಡೋಗಳನ್ನ ಜೋಡಿಸೋ ಪ್ರೋಗ್ರಾಂ, ಅಂದ್ರೆ ವಿಂಡೋ ಮ್ಯಾನೇಜರ್, ನಾನೇ ಬರೀತಿದೀನಿ. ಈ ವಾರ ಪೂರ್ತಿ ಅದರ ಒಂದೇ ಶಾರ್ಟ್‌ಕಟ್ ಹಿಂದೆ ಬಿದ್ದಿದ್ದೆ, ಸೂಪರ್ (ವಿಂಡೋಸ್ ಕೀ) ಶಿಫ್ಟ್ 3. ಒತ್ತಿದ್ರೆ ಫೋಕಸ್ ಇರೋ ವಿಂಡೋ (ಅಂದ್ರೆ ಟೈಪ್ ಮಾಡಿದ್ದು ಹೋಗೋ ವಿಂಡೋ) ಮೂರನೇ ವರ್ಕ್‌ಸ್ಪೇಸ್‌ಗೆ, ಅಂದ್ರೆ ಮೂರನೇ ವರ್ಚುವಲ್ ಡೆಸ್ಕ್‌ಟಾಪ್‌ಗೆ ಹೋಗ್ಬೇಕು, ಅಷ್ಟೇ.

ಹೋಯ್ತು, ಆದ್ರೆ ಮೂರಕ್ಕೆ ಹೋಗಿ ನೋಡಿದ್ರೆ ಖಾಲಿ. ಆ್ಯಪ್ ಓಡ್ತಾನೇ ಇದೆ, ವಿಂಡೋ ಮಾತ್ರ ಇಲ್ಲ. ತೆರೆ ಮೇಲೆ ವಿಂಡೋ ತೋರಿಸೋ ವ್ಯವಸ್ಥೆ ಎಕ್ಸ್11ನಲ್ಲಿ ವರ್ಕ್‌ಸ್ಪೇಸ್ ಅನ್ನೋದೇ ಇಲ್ಲ ನೋಡಿ, ಬೇರೆ ವರ್ಕ್‌ಸ್ಪೇಸ್‌ದನ್ನ ನಾನೇ ಅನ್‌ಮ್ಯಾಪ್ ಮಾಡಿ (ತೆರೆಯಿಂದ ಮರೆ ಮಾಡಿ) ಬಚ್ಚಿಡ್ಬೇಕು, ಹಾಗೆ ಮಾಡಿದ ತಕ್ಷಣ ಎಕ್ಸ್11 ಸರ್ವರ್ ನನಗೇ ಅನ್‌ಮ್ಯಾಪ್ ನೋಟಿಫೈ (ವಿಂಡೋ ಮರೆಯಾಯ್ತು ಅನ್ನೋ ಸೂಚನೆ) ಕಳಿಸತ್ತೆ, ನನ್ನ ಕೋಡು ಅದನ್ನ ನೋಡಿ ಆ್ಯಪ್ಪೇ ವಿಂಡೋ ಮುಚ್ಚಿತು ಅನ್ಕೊಂಡು ಲಿಸ್ಟಿಂದ ಕಿತ್ತಾಕ್ತಿತ್ತು. ಪ್ರತಿ ವಿಂಡೋಗೂ ಒಂದು ಕೌಂಟರ್ ಇಟ್ಟೆ: ನಾನು ಅನ್‌ಮ್ಯಾಪ್ ಮಾಡ್ದಾಗ ಒಂದು ಏರಿಸೋದು, ನೋಟಿಫೈ ಬಂದಾಗ ಕೌಂಟರ್ ಸೊನ್ನೆ ಆಗಿಲ್ದಿದ್ರೆ ಒಂದು ಇಳಿಸಿ ಸುಮ್ನಿರೋದು. ಆದ್ರೂ ಮಾಯ! ರೂಟ್ ವಿಂಡೋ (ಇಡೀ ತೆರೆ ತುಂಬಿರೋ ಹಿನ್ನೆಲೆ ವಿಂಡೋ) ಮೇಲೂ ಕ್ಲೈಂಟ್ (ಆ್ಯಪ್‌ನ ವಿಂಡೋ) ಮೇಲೂ ಎರಡೂ ಕಡೆ ಈವೆಂಟ್ (ಸೂಚನೆ) ಕೇಳಿದ್ದೆ, ಹಾಗಾಗಿ ಒಂದು ಅನ್‌ಮ್ಯಾಪ್‌ಗೆ ಎರಡು ನೋಟಿಫೈ ಬರ್ತಿತ್ತು. ರೂಟ್‌ಗೆ ಬಂದಿದ್ದನ್ನ ಮಾತ್ರ ತಗೊಂಡ ಮೇಲೆ ಸರಿಹೋಯ್ತು.

ಆಮೇಲೆ ಡೈಲಾಗ್. ಎಡಿಟರ್‌ನಲ್ಲಿ "ಸೇವ್ ಮಾಡ್ಲಾ?" ಅಂತ ಕೇಳ್ತಿರೋವಾಗ ಎಡಿಟರ್‌ನ ಮೂರಕ್ಕೆ ಕಳಿಸಿದೆ, ಪ್ರಶ್ನೆ ಮಾತ್ರ ಒಂದನೇ ವರ್ಕ್‌ಸ್ಪೇಸ್‌ನಲ್ಲೇ ಉಳೀತು. ಮೂರಲ್ಲಿ ಎಡಿಟರ್ ಮೇಲೆ ಎಷ್ಟು ಕ್ಲಿಕ್ ಮಾಡಿದ್ರೂ ಅಲ್ಲಾಡಲ್ಲ, ಯಾಕಂದ್ರೆ ಅದು ಉತ್ತರಕ್ಕೆ ಕಾಯ್ತಿದೆ. ಈಗ ಡೈಲಾಗ್ ಯಾವ ವಿಂಡೋಗೆ ಸೇರಿದ್ದು ಅಂತ ಹೇಳೋ ಟ್ರಾನ್ಸಿಯಂಟ್ ಫಾರ್ ಪ್ರಾಪರ್ಟಿ ಓದಿ, ಶಾರ್ಟ್‌ಕಟ್ ಯಾವುದರ ಮೇಲೆ ಒತ್ತಿದ್ರೂ ಮೊದ್ಲು ತಾಯಿ ವಿಂಡೋ ಹುಡುಕಿ ಇಡೀ ಸಂಸಾರನೇ ಒಟ್ಟಿಗೆ ಸಾಗಿಸ್ತೀನಿ. ಇದು ಆಪ್ಷನ್ ಆಗ್ಬಾರ್ದು, ಎಲ್ಲಾ ವಿಂಡೋ ಮ್ಯಾನೇಜರ್‌ಗಳೂ ಹೀಗೇ ಮಾಡ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಕಳಿಸಿದ ಮೇಲೆ ನಾನೂ ಅಲ್ಲಿಗೆ ಹೋಗ್ಬೇಕಾ? ಐ3 ಅನ್ನೋ ವಿಂಡೋ ಮ್ಯಾನೇಜರ್ ವಿಂಡೋನ ಕಳಿಸತ್ತೆ, ನಮ್ಮನ್ನ ಇಲ್ಲೇ ಬಿಡತ್ತೆ. ನನಗೂ ಅದೇ ಸರಿ ಅನ್ಸತ್ತೆ, ವಿಂಡೋ ಕಳಿಸೋದು ಹೆಚ್ಚಾಗಿ ಕಣ್ಣೆದುರಿಂದ ಎತ್ತಿಡೋಕೆ, ಅದರ ಹಿಂದೆ ಹೋಗೋಕಲ್ಲ. ಜೊತೆಗೆ ಹೋಗೋರಿಗೆ ಬೇರೆ ಕೀ ಕೊಟ್ಟಿದೀನಿ.

ಇಲ್ಲೇ ಉಳಿದ್ರೆ ಫೋಕಸ್ ಯಾರಿಗೆ? ಅದಕ್ಕೂ ಮುಂಚೆ ಯಾವುದಕ್ಕೆ ಫೋಕಸ್ ಇತ್ತೋ ಅದಕ್ಕೆ. ಒಂದೊಂದು ವರ್ಕ್‌ಸ್ಪೇಸ್‌ಗೂ ಒಂದು ಸ್ಟಾಕ್ (ಫೋಕಸ್ ಸಿಕ್ಕ ಕ್ರಮದ ಪಟ್ಟಿ) ಇಟ್ಟು ಕೊಟ್ಟೆ, ಆದ್ರೆ ಮರುಕ್ಷಣವೇ ಫೋಕಸ್ ಬೇರೆ ವಿಂಡೋಗೆ ಹಾರ್ತಿತ್ತು: ಮೇಲಿನ ವಿಂಡೋ ಮರೆಯಾದಾಗ ಮೌಸ್ ಅಲ್ಲಾಡದೇ ಇದ್ರೂ ಪಾಯಿಂಟರ್ ಕೆಳಗಿರೋ ವಿಂಡೋಗೆ ಎಂಟರ್ ನೋಟಿಫೈ (ಪಾಯಿಂಟರ್ ಒಳಗೆ ಬಂತು ಅನ್ನೋ ಸೂಚನೆ) ಬರತ್ತೆ, ಅದು ಫೋಕಸ್ ಕಿತ್ಕೊಳ್ತಿತ್ತು. ಅನ್‌ಮ್ಯಾಪ್ ರಿಕ್ವೆಸ್ಟ್‌ನ ಸೀಕ್ವೆನ್ಸ್ ನಂಬರ್ (ಕ್ರಮಸಂಖ್ಯೆ) ನೆನಪಿಟ್ಕೊಂಡು ಅದೇ ನಂಬರಿನ ಎಂಟರ್ ಈವೆಂಟ್‌ಗಳನ್ನ ಬಿಟ್ಬಿಡ್ತೀನಿ ಈಗ, ಮೌಸ್ ಇಟ್ಟಲ್ಲೇ ಇದ್ರೆ ಫೋಕಸ್ಸೂ ಕೊಟ್ಟಲ್ಲೇ ಇರತ್ತೆ. ಇಡೀ ವಾರದಲ್ಲಿ ಅತಿ ಖುಷಿ ಕೊಟ್ಟಿದ್ದು ಇದು.

ಬಾಕಿ ಇರೋದು ಎರಡನೇ ಮಾನಿಟರ್. ಮೂರನೇ ವರ್ಕ್‌ಸ್ಪೇಸ್ ಅಲ್ಲಿ ಆಗ್ಲೇ ಕಾಣ್ತಿದ್ರೆ ಅನ್‌ಮ್ಯಾಪ್ ಮಾಡ್ಲೇಬಾರ್ದು, ಜಾಗ ಸೈಜು ಮಾತ್ರ ಬದಲಿಸ್ಬೇಕು. ನಾಳೆ ಅದನ್ನ ಹಿಡೀತೀನಿ.