ಕ್ರಿಯಾಪದವಿಲ್ಲದ ಕಥೆ

ಕಳೆದ ಬೇಸಿಗೆಯ ರಜೆಯನ್ನು ನಾನು ಹತ್ತು ಅಕ್ಷರಗಳೊಂದಿಗೆ ಕಳೆದೆ. ರ, ಗ, ಸ, ದ, ಅ. ಜ, ವ, ಮ, ಬ, ನ. ನಲಿಕಲಿ ತರಗತಿಯಲ್ಲಿ ಒಮ್ಮೆ ಕುಳಿತವರಿಗೂ ಈ ಸಾಲು ಬಾಯಿಪಾಠ ಬಂದಿರುತ್ತದೆ. ವರ್ಣಮಾಲೆಯನ್ನು ಅ-ಆ-ಇ-ಈ ಎಂದು ಕ್ರಮವಾಗಿ ಒಪ್ಪಿಸುವುದಕ್ಕಿಂತ, ಬರೆಯಲು ಸುಲಭವಾದ ಮತ್ತು ಕೂಡಿಸಿದರೆ ಕೂಡಲೇ ಪದವಾಗುವ ಅಕ್ಷರಗಳನ್ನು ಮೊದಲು ಕಲಿಸುವುದು ಈ ಪದ್ಧತಿಯ ಕ್ರಮ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ಈ ಕಲಿಕೆಯ ಕ್ರಮ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂತು. ನಾನು ಪುತ್ತೂರು ತಾಲ್ಲೂಕಿನ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ತರಗತಿಯ ಶಿಕ್ಷಕಿ. ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ಮಕ್ಕಳ ಪುಸ್ತಕ ಬರೆಯುತ್ತೇನೆ. ಆರು ಗಂಟೆಯ ನಂತರ ನಾನು ಮನೆಯವಳು, ಒಂಬತ್ತರ ನಂತರ ಶಾಲೆಯವಳು.

ಹತ್ತು ಅಕ್ಷರ ಕಲಿತ ಮಗು ಇನ್ನೂ ಕಾಗುಣಿತ ಕಲಿತಿರುವುದಿಲ್ಲ. ಒತ್ತಕ್ಷರವಂತೂ ದೂರದ ಮಾತು. ಆ ಹಂತದಲ್ಲಿ ಅದರ ಕೈಗೆ ಕೊಡಲು ಪದಗಳಿವೆ, ಪದಪಟ್ಟಿಗಳಿವೆ, ಆದರೆ ಪುಸ್ತಕವಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಯಾರ ಸಹಾಯವೂ ಇಲ್ಲದೆ ತಾನೇ ಓದಿ ಮುಗಿಸಿ, ಮುಚ್ಚಿ, ಮತ್ತೆ ತೆರೆಯಬಹುದಾದ ಪುಸ್ತಕ ಆ ಮಗುವಿಗೂ ಬೇಕು ಎಂಬುದು ನನ್ನ ಬಹುಕಾಲದ ಆಸೆಯಾಗಿತ್ತು. ಬೆಂಗಳೂರಿನ ಪ್ರಕಾಶಕರು ಒಪ್ಪಿದರು. ಹದಿನಾರು ಪುಟ, ಬಣ್ಣದ ಚಿತ್ರ, ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಜೂನ್ ಮೊದಲ ವಾರದೊಳಗೆ ಪಠ್ಯ ಕೊಡುತ್ತೇನೆಂದು ನಾನು ಧೈರ್ಯದಿಂದಲೇ ಹೇಳಿದೆ.

ನಾಲ್ಕು ಹಾಳೆಗಳನ್ನು ಒಂದರ ಮೇಲೊಂದಿಟ್ಟು ನಡುವೆ ಮಡಚಿ, ಸೂಜಿದಾರದಿಂದ ಹೊಲಿದರೆ ಹದಿನಾರು ಪುಟಗಳ ಡಮ್ಮಿ ಸಿದ್ಧವಾಗುತ್ತದೆ. ಪ್ರತಿ ಪುಸ್ತಕಕ್ಕೂ ಮೊದಲು ನಾನು ಮಾಡುವ ಕೆಲಸ ಅದು. ಮೊದಲ ಪುಟ ಹೆಸರಿಗೆ, ಎರಡನೆಯದು ಮುದ್ರಣದ ವಿವರಕ್ಕೆ, ಕೊನೆಯದು ಓದಿಸುವವರಿಗೆ ಹೇಳಬೇಕಾದ ಮಾತಿಗೆ ಹೋದರೆ ಕಥೆಗೆ ಉಳಿಯುವುದು ಹದಿಮೂರು ಪುಟ. ಮಗು ಪುಟ ತಿರುಗಿಸುವ ಮೊದಲು ಒಂದು ಕ್ಷಣ ತಡೆಯುತ್ತದೆ, ಆ ತಡೆಯುವಿಕೆಯ ಹಿಂದೆ ಏನನ್ನು ಅಡಗಿಸಿಡಬೇಕೆಂಬುದು ಗೊತ್ತಾಗುವುದು ಡಮ್ಮಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದಾಗಲೇ, ಕಂಪ್ಯೂಟರಿನ ಪರದೆಯ ಮೇಲೆ ಅಲ್ಲ.

ಹೆಸರು ಸುಲಭವಾಗಿ ಸಿಕ್ಕಿತು. ಒಂದು ಬೆಳಿಗ್ಗೆ ನನ್ನ ಗಂಡ ಸಹಕಾರಿ ಸಂಘದ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ಮಜ್ಜಿಗೆ ಲೋಟವನ್ನು ಕೆಡವಿದಾಗ ನಮ್ಮ ಅತ್ತೆ, “ಎಂತ ಅವಸರ ಮಾರಾಯ ನಿಂಗೆ” ಎಂದರು. ಅ, ವ, ಸ, ರ. ನಾಲ್ಕೂ ನನ್ನ ಹತ್ತರೊಳಗಿನವೇ! ನೆಲ ಒರೆಸುತ್ತಲೇ ನಾನು ‘ಅವಸರದ ಅರಸ’ ಎಂದುಕೊಂಡೆ. ಅಷ್ಟಕ್ಕೆ ಪುಸ್ತಕ ಅರ್ಧ ಮುಗಿಯಿತೆಂದು ಭಾವಿಸಿದ್ದು ನನ್ನ ತಪ್ಪು ಲೆಕ್ಕ.

ಅರಸ ಇದ್ದಾನೆ, ಮಗ ಇದ್ದಾನೆ, ಬಸವ, ಮರ, ವನ, ದನ, ಜನ, ನಗರ, ಗರಗಸ ಎಲ್ಲವೂ ಇವೆ. ಇಲ್ಲದ್ದು ಕ್ರಿಯಾಪದ. ಕನ್ನಡದ ಕ್ರಿಯಾಪದ ಕಾಗುಣಿತವಿಲ್ಲದೆ ಒಂದು ಹೆಜ್ಜೆಯೂ ಇಡುವುದಿಲ್ಲ ಎಂಬುದನ್ನು ಇಷ್ಟು ವರ್ಷ ಕನ್ನಡ ಕಲಿಸಿಯೂ ನಾನು ಗಮನಿಸಿರಲಿಲ್ಲ. ‘ಹೋದ’ ಎನ್ನಲು ಓಕಾರ ಬೇಕು, ‘ನೋಡಿದ’ ಎನ್ನಲು ಎರಡು ಗುಣಿತ ಬೇಕು, ‘ಬಂದ’ ಎನ್ನೋಣವೆಂದರೆ ಅನುಸ್ವಾರ ಅಡ್ಡ ಬರುತ್ತದೆ. ವಿಭಕ್ತಿಗಳ ಕಥೆಯೂ ಹೆಚ್ಚುಕಡಿಮೆ ಅದೇ: ಅನ್ನು, ಇಂದ, ಗೆ, ಅಲ್ಲಿ ಎಲ್ಲಕ್ಕೂ ಗುಣಿತವೋ ಒತ್ತೋ ಬೇಕು. ಷಷ್ಠಿಯೊಂದೇ ನನ್ನ ಕೈ ಹಿಡಿಯಿತು. ಅರಸನ, ಮಗನ, ಬಸವನ, ಮರದ. ಕೇವಲ ಒಂದು ಅಕಾರದಿಂದ ಅದು ಒಂದನ್ನು ಇನ್ನೊಂದಕ್ಕೆ ಕಟ್ಟಿಹಾಕುತ್ತದೆ. ‘ಅರಸನ ಮಗ. ಮಗನ ಬಸವ. ಬಸವನ ಮರ.’ ಹೀಗೆ ಸರಪಣಿ ಬೆಳೆಯಿತು. ಆದರೆ ಯಾರು ಏನು ಮಾಡಿದರು ಎಂದು ಹೇಳುವ ದಾರಿ ಮಾತ್ರ ಕಾಣಲಿಲ್ಲ. ಏಪ್ರಿಲ್ ಹಾಗೆಯೇ ಕಳೆಯಿತು.

ಮೊದಲ ಕರಡಿನಲ್ಲಿ ಒಬ್ಬ ಅಗಸನೂ ಇದ್ದ. ಹಳೆಯ ಬಾಲಬೋಧೆಗಳಲ್ಲಿ ಅಕಾರಕ್ಕೆ ಅಗಸನೇ ಒಡೆಯನಾದ್ದರಿಂದ ಅವನು ತಾನಾಗಿಯೇ ಬಂದು ಕುಳಿತಿದ್ದ. ಅವನನ್ನು ತೆಗೆದವಳು ನಾನೇ. ಆ ಕಸುಬಿನ ಮನೆಯಿಂದ ಬರುವ ಮಗು ತರಗತಿಯಲ್ಲಿದ್ದಾಗ ಉಳಿದವರು ಆ ಪದವನ್ನು ಗಟ್ಟಿಯಾಗಿ ಓದಿ ಅದರ ಮುಖ ನೋಡುವುದನ್ನು ನಾನು ಕಂಡಿದ್ದೇನೆ. ಮೂರು ಅಕ್ಷರದ ಅನುಕೂಲಕ್ಕಾಗಿ ಒಂದು ಮಗುವಿನ ಕತ್ತು ಬಗ್ಗಿಸುವ ಹಕ್ಕು ಯಾವ ಪುಸ್ತಕಕ್ಕೂ ಇಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮ ಭಾಗದಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಬರೆಯುವುದೆಂದರೆ ಇನ್ನೂ ಒಂದು ವಿಷಯವಿದೆ. ನನ್ನ ತರಗತಿಯ ಮಕ್ಕಳಲ್ಲಿ ಮನೆಯಲ್ಲಿ ತುಳು ಆಡುವವರೇ ಹೆಚ್ಚು. ಬ್ಯಾರಿ, ಕೊಂಕಣಿ, ಮಲಯಾಳ, ಹವ್ಯಕ ಮಾತಾಡುವವರೂ ಇದ್ದಾರೆ. ಪುಸ್ತಕದ ಕನ್ನಡ ಅವರಿಗೆ ಮನೆಯಲ್ಲಿ ಕೇಳಿ ಬಂದದ್ದಲ್ಲ, ಶಾಲೆಯಲ್ಲಿ ಸಿಕ್ಕಿದ್ದು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು. ಅವರು ಮಕ್ಕಳಿಗಾಗಿ ಬರೆದದ್ದು ಕನ್ನಡದಲ್ಲಿ. ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಊರೂರು ಸುತ್ತಿದ ಅವರ ಮಕ್ಕಳ ಪದ್ಯಗಳಲ್ಲಿ ನಾಲಗೆ ಎಡವುವ ಜಾಗಗಳೇ ಇಲ್ಲದಿರುವುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣವಿರಬೇಕೆಂದು ನಾನು ಯೋಚಿಸುತ್ತೇನೆ. ಕನ್ನಡ ಹೊಸದಾದ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಒಬ್ಬರೇ ಬರೆದು 1936ರಲ್ಲಿ ತಂದದ್ದೂ ಇದೇ ಪುತ್ತೂರಿನಲ್ಲಿ ಇದ್ದ ಕಾಲದಲ್ಲಿ. ಅವರ ಬಾಲವನಕ್ಕೆ ಪ್ರತಿ ವರ್ಷ ನಾನು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಹತ್ತು ಅಕ್ಷರದ ಮಗುವಿಗೂ ಆ ಹಿರಿಯರ ಸಾಲಿನಲ್ಲಿ ಒಂದು ಪುಸ್ತಕ ಇರಲಿ ಎಂಬ ಹಂಬಲ ನನ್ನಲ್ಲಿ ಗಟ್ಟಿಯಾದದ್ದು ಅಲ್ಲಿಯ ಮರಗಳ ಕೆಳಗೆ.

ಮೇ ತಿಂಗಳ ಒಂದು ಮಧ್ಯಾಹ್ನ ಅತ್ತೆ ಹಿಂದಿನ ಜಗಲಿಯಲ್ಲಿ ಕುಳಿತು ಹಪ್ಪಳಕ್ಕಾಗಿ ಹಲಸಿನಕಾಯಿಯ ಸೊಳೆ ಬಿಡಿಸುತ್ತಿದ್ದರು. ಮೇಣ ಅಂಟದಿರಲೆಂದು ಎರಡೂ ಕೈಗೆ ಮೊಣಕೈವರೆಗೆ ತೆಂಗಿನೆಣ್ಣೆ ಹಚ್ಚಿಕೊಂಡಿದ್ದರು. ನಾನು ಪಕ್ಕದಲ್ಲಿ ಕುಳಿತು ಬೇಳೆ ಬೇರೆ ಮಾಡುತ್ತಿದ್ದೆ, ಎರಡನೇ ತರಗತಿಗೆ ಹೋಗಲಿರುವ ಮಗಳು ನನ್ನ ಡಮ್ಮಿಯನ್ನು ತಂದು ಓದತೊಡಗಿದಳು. ‘ಬಸವನ ಮರ. ಗರಗಸದ ಜನ.’ ಅಲ್ಲಿಗೆ ಪುಟಗಳು ಖಾಲಿ. “ಆಮೇಲೆ?” ಎಂದಳು. “ಅದೇ ಗೊತ್ತಾಗುವುದಿಲ್ಲ” ಎಂದೆ. ಅತ್ತೆ ಕೈ ನಿಲ್ಲಿಸದೆಯೇ, “ಆಮೇಲೆ ಎಂತದು, ಗರಗರ ಗರಗರ ಅಂತ ಮರ ಕೊಯ್ಯುವುದು” ಎಂದರು. ಅವರ ತವರಿನ ಅಂಗಳದಲ್ಲಿ ಹಲಸಿನ ದಿಮ್ಮಿಯನ್ನು ಅಟ್ಟದ ಮೇಲೆ ಏರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುತ್ತಿದ್ದದ್ದನ್ನು, ಕೆಳಗಿನವನ ಹುಬ್ಬಿನ ತುಂಬ ಹಳದಿ ಹೊಟ್ಟು ತುಂಬಿಕೊಳ್ಳುತ್ತಿದ್ದದ್ದನ್ನು, ಬಾಗಿಲಿನ ಹಲಗೆಗಳಾಗುವವರೆಗೆ ನಾಲ್ಕು ದಿನ ಮನೆಯಲ್ಲಿ ಆ ಸದ್ದಲ್ಲದೆ ಬೇರೇನೂ ಕೇಳಿಸದಿದ್ದದ್ದನ್ನು ಅವರು ಹೇಳುತ್ತ ಹೋದರು. ಮಗಳು ಅಷ್ಟರಲ್ಲಿ ಜಗಲಿಯ ಕಂಬ ಹಿಡಿದು ಹಿಂದೆ ಮುಂದೆ ತೂಗುತ್ತ ಉಸಿರು ಮುಗಿಯುವವರೆಗೆ ಗರಗರ ಎನ್ನುತ್ತಿದ್ದಳು.

ಕ್ರಿಯಾಪದ ಅಲ್ಲಿತ್ತು, ಅವಳ ಸೊಂಟದಲ್ಲಿ. ಗರಗರ, ಸರಸರ ಎಂಬ ಅನುಕರಣ ಪದಗಳಿಗೆ ಗುಣಿತ ಬೇಕಿಲ್ಲ. ಸದ್ದು ಅಕ್ಷರದಲ್ಲಿದ್ದರೆ ಕೆಲಸ ಓದುವವರ ಮೈಯಲ್ಲಿ ನಡೆಯುತ್ತದೆ, ಉಳಿದದ್ದನ್ನು ಚಿತ್ರ ಹೇಳುತ್ತದೆ. ಆ ಸಂಜೆಯೇ ಆರು ಪುಟ ತುಂಬಿದವು.

ಸಂಪಾದಕರು ಫೋನಿನಲ್ಲಿ ನ್ಯಾಯವಾದ ಒಂದು ಆಕ್ಷೇಪ ಎತ್ತಿದರು: ಗರಗರ ಎನ್ನುವುದು ತಿರುಗುವುದಕ್ಕೆ, ಕೊಯ್ಯುವುದಕ್ಕೆ ಕರಕರ ಎನ್ನಬೇಕಲ್ಲವೇ? ಕಕಾರ ನನ್ನ ಹತ್ತರಲ್ಲಿಲ್ಲ. ನಾನು ಅದನ್ನು ಅತ್ತೆಯವರಿಗೆ ತಿಳಿಸಿದಾಗ ಅವರು, “ಗರಗರ ಅನ್ನುವುದಕ್ಕೇ ಅಲ್ವಾ ಅದಕ್ಕೆ ಗರಗಸ ಅಂತ ಹೆಸರು” ಎಂದು ಮಾತು ಮುಗಿಸಿದರು. ಕ್ರಕಚ ಎಂಬ ಸಂಸ್ಕೃತ ಪದದ ತದ್ಭವವೆಂದು ನಿಘಂಟು ಹೇಳುವುದನ್ನು ನಾನು ಅವರಿಗೆ ಹೇಳಲಿಲ್ಲ. ಆರು ವರ್ಷದ ಕಿವಿಗೆ ಅತ್ತೆಯವರ ಮಾತೇ ಹೆಚ್ಚು ನಿಜ, ಸಂಪಾದಕರೂ ಒಪ್ಪಿದರು.

ಉತ್ತರ ಕರ್ನಾಟಕದ ಚಿತ್ರಕಾರರು ಮೊದಲ ರೇಖಾಚಿತ್ರಗಳಲ್ಲಿ ಬೇವಿನ ಮರ ಬರೆದಿದ್ದರು. ಪಠ್ಯದಲ್ಲಿ ಇರುವುದು ಬರಿಯ ಮರ, ಆದ್ದರಿಂದ ಅವರದು ತಪ್ಪಲ್ಲ. ಮರ ತುಳುವಿನಲ್ಲೂ ಮರವೇ, ಮಲಯಾಳದಲ್ಲಿ ಮರಂ. ಆದರೆ ಮನಸ್ಸಿನಲ್ಲಿ ಮೂಡುವ ಮರ ಊರಿಗೊಂದು. ಕಾಂಡದಲ್ಲೇ ಕಾಯಿ ಬಿಡುವ ಹಲಸು ಬರೆದರೆ ಬಸವ ಕತ್ತೆತ್ತದೆಯೇ ಹಣ್ಣು ಮೂಸಬಹುದು ಎಂದು ಬರೆದು ಕಳಿಸಿದೆ. ಅವರು ಹಲಸು ಬರೆದರು, ಬಸವನನ್ನು ಮಾತ್ರ ತಮ್ಮ ಊರಿನ ಎತ್ತರದ, ಬೆಳ್ಳನೆಯ ಕಿಲಾರಿಯಾಗಿಯೇ ಉಳಿಸಿಕೊಂಡರು. ಅಷ್ಟು ಚೆಂದದ ಎತ್ತಿಗೆ ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

ಕೊನೆಯ ಪುಟದಲ್ಲಿ ಅರಸ ಮರದಡಿಯಲ್ಲಿ ಕುಳಿತಿರುತ್ತಾನೆ. ಪಠ್ಯ ‘ಮರದ ಅರಸ’. ಅವಸರದ ಅರಸ ಮರದವನಾದ ಎಂಬುದು ನನ್ನ ಉದ್ದೇಶ. ಮಗಳು ಓದಿ, “ಅರಸ ಮರದ ಗೊಂಬೆ ಆದನಾ?” ಎಂದು ಗಾಬರಿಯಿಂದ ಕೇಳಿದಳು. ಷಷ್ಠಿಗೆ ಎರಡು ಮುಖವಿರುವುದನ್ನು ನಾನು ನೋಡಿರಲಿಲ್ಲ. ಎರಡು ದಿನ ಆ ಪದದೊಂದಿಗೆ ಗುದ್ದಾಡಿ, ಕೊನೆಗೆ ಪದವನ್ನು ಹಾಗೆಯೇ ಬಿಟ್ಟು ಚಿತ್ರವನ್ನು ಬದಲಿಸಲು ಕೇಳಿಕೊಂಡೆ. ಈಗ ಅರಸ ಕೊಂಬೆಯ ಮೇಲೆ ಕುಳಿತು ಸೊಳೆ ತಿನ್ನುತ್ತಿದ್ದಾನೆ. ಆದರೂ ಗೊಂಬೆ ಎಂದೇ ಓದಿಕೊಳ್ಳುವ ಮಗುವಿದ್ದರೆ ಅದಕ್ಕೆ ಇನ್ನೊಂದು ಕಥೆ ಸಿಕ್ಕಂತಾಯಿತು.

ಮಗಳ ಈ ಮಾತನ್ನು ಇಲ್ಲಿ ಬರೆಯುವ ಮೊದಲು ಅವಳನ್ನು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಅದು ನಿಯಮ, ಮತ್ತು ಅದು ಬಂದದ್ದು ನನ್ನ ತಪ್ಪಿನಿಂದ. ಮಗನಿಗೆ ಆರು ವರ್ಷವಿದ್ದಾಗ ರಾತ್ರಿ ಅಂಗಳ ದಾಟಿ ಬಚ್ಚಲುಮನೆಗೆ ಹೋಗಲು ಹೆದರುತ್ತಿದ್ದ; ಅದನ್ನು ನಾನು ಪುಸ್ತಕವಾಗಿಸಿದೆ. ಓದುಗರು ಮೆಚ್ಚಿದರು, ನಾನು ಹಿಗ್ಗಿದೆ. ಅವನು ನಾಲ್ಕನೆಯ ತರಗತಿಯಲ್ಲಿದ್ದಾಗ ಆ ಕಥೆಯನ್ನು ಅವನ ಶಾಲೆಯಲ್ಲೇ ಓದಿದರಂತೆ, ಬರೆದದ್ದು ಅವನ ಅಮ್ಮ ಎಂದೂ ಹೇಳಿದರಂತೆ. ಎರಡು ವರ್ಷ ಗೆಳೆಯರು ಅವನನ್ನು ಆ ಕಥೆಯ ಹುಡುಗನ ಹೆಸರಿನಿಂದಲೇ ಕರೆದರು. ಇದು ನನಗೆ ತಿಳಿದದ್ದು ಅವನು ಏಳನೆಯ ತರಗತಿಯಲ್ಲಿದ್ದಾಗ, ಊಟದ ಹೊತ್ತಿನಲ್ಲಿ, ತಟ್ಟೆಯಿಂದ ಕಣ್ಣೆತ್ತದೆ ಅವನು ಆಡಿದ ಒಂದು ಮಾತಿನಿಂದ: “ನನ್ನ ಹೆದರಿಕೆ ನಿನ್ನ ಪುಸ್ತಕಕ್ಕೆ ಇದ್ದದ್ದಲ್ಲ ಅಮ್ಮ.” ನಾನು ಕ್ಷಮೆ ಕೇಳಿದೆ, ಆ ಪುಸ್ತಕದ ಮರುಮುದ್ರಣಕ್ಕೆ ಪ್ರಕಾಶಕರು ಕೇಳಿದಾಗ ಬೇಡವೆಂದೆ. ಮನೆಯವರ ಮಾತು, ಭಯ, ನಗು ಯಾವುದೂ ಅವರ ಒಪ್ಪಿಗೆಯಿಲ್ಲದೆ ನನ್ನ ಪುಟಕ್ಕೆ ಬರಬಾರದೆಂದು ಅಂದಿನಿಂದ ಪಾಲಿಸಿಕೊಂಡು ಬಂದಿದ್ದೇನೆ. ಮೇಲಿನ ಸಾಲುಗಳನ್ನೂ ಅವನು ಓದಿ, ಒಂದು ವಾಕ್ಯ ಹೊಡೆದು, ಹೂಂ ಎಂದ ಮೇಲೆ ಹಾಕಿದ್ದು. ಅಂದು ನಾನು ಕ್ಷಮೆ ಕೇಳಿದ ನಂತರವೂ ಸುಮಾರು ಎರಡು ವರ್ಷ ಅವನು ನನ್ನ ಬರೆಯುವ ಮೇಜಿನ ಹತ್ತಿರ ಬರುತ್ತಿರಲಿಲ್ಲ.

ಹಣದ ಮಾತು ಕೇಳುವವರಿಗಾಗಿ ಹೇಳುತ್ತೇನೆ. ಅರವತ್ತು ರೂಪಾಯಿ ಬೆಲೆಯ ಪುಸ್ತಕಕ್ಕೆ ನನಗೆ ಬರುವ ಗೌರವಧನ ಶೇಕಡಾ 10. ಸಾವಿರ ಪ್ರತಿಯೂ ಮಾರಿದರೆ ಆರು ಸಾವಿರ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕ ಆಯ್ಕೆಯಾದರೆ ಪ್ರತಿಗಳು ಬೇಗ ಖಾಲಿಯಾಗುತ್ತವೆ, ಇಲ್ಲವಾದರೆ ವರ್ಷಗಳು ಹಿಡಿಯುತ್ತವೆ. ಶಾಲೆಯ ಸಂಬಳ ಇರುವುದರಿಂದ ನಾನು ಬರೆಯಬಲ್ಲೆ, ಮತ್ತು ಅತ್ತೆ ಬೆಳಗಿನ ಒಲೆ ಹಚ್ಚುವುದರಿಂದ ನನಗೆ ಆ ಒಂದೂವರೆ ಗಂಟೆ ಸಿಗುತ್ತದೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ಅವರು ಅದನ್ನು ಮಾಡುವುದು ನನ್ನ ಪುಸ್ತಕಗಳ ಮೇಲಿನ ಪ್ರೀತಿಯಿಂದ, ಹಾಗೆಂದು ಅವರು ಒಮ್ಮೆಯೂ ಹೇಳಿಲ್ಲ. ಮುದ್ರಣದ ವಿವರವಿರುವ ಎರಡನೆಯ ಪುಟದಲ್ಲಿ ಕಾಗದದ ತೂಕಕ್ಕೂ ಜಾಗವಿದೆಯಲ್ಲ, ಈ ಸಲ ‘ಗರಗರ ಪದ ಕೊಟ್ಟವರು’ ಎಂದು ಅವರ ಹೆಸರು ಹಾಕಬೇಕೆಂದು ಪ್ರಕಾಶಕರನ್ನು ಕೇಳಿ ಒಪ್ಪಿಸಿದ್ದೇನೆ.

ಪುಸ್ತಕ ಈ ತಿಂಗಳ ಕೊನೆಗೆ ಮುದ್ರಣಕ್ಕೆ ಹೋಗುತ್ತದೆ. ಕಳೆದ ಭಾನುವಾರ ನಾನು ಮುಂದಿನ ಗುಂಪಿನ ಅಕ್ಷರಗಳನ್ನು ಹಾಳೆಯಲ್ಲಿ ಬರೆದುಕೊಂಡು ಕುಳಿತಿದ್ದೆ: ಪ, ಯ, ಉ, ಡ, ಟ, ಚ. ಒಂಬತ್ತನೆಯ ತರಗತಿಯ ಮಗ ಚಾರ್ಜರ್ ಹುಡುಕುತ್ತ ಬಂದವನು ನನ್ನ ಹಿಂದೆ ಸ್ವಲ್ಪ ಹೊತ್ತು ನಿಂತ. “ಉಡ ಇದೆಯಲ್ಲ ಅಮ್ಮ” ಎಂದ. ಹೌದು, ಉ ಮತ್ತು ಡ, ಎರಡೇ ಅಕ್ಷರ. ನಮ್ಮ ತೋಟದ ಕಟ್ಟಪುಣಿಯಲ್ಲಿ ಮಳೆಗಾಲದಲ್ಲಿ ಬಂದು ಹೋಗುವ ಉಡ. ನಾನು ಹಾಳೆಯ ಮೇಲೆ ಬರೆಯಲಿಲ್ಲ, ತಿರುಗಿ ಅವನನ್ನೇ ನೋಡಿದೆ. “ಬರ್ಕೋ, ಅಡ್ಡಿಲ್ಲ” ಎಂದು ಚಾರ್ಜರ್ ತೆಗೆದುಕೊಂಡು ಹೋದ.