ಸ್ಕ್ರಿಪ್ಟ್ ಎಲ್ಲಿ ನಿಲ್ಲಬೇಕು ಅಂತ ಮೊದಲೇ ಬರೆದಿಡಿ

ಕೊಡಗಿನ ಬೇರೆ ಬೇರೆ ಕಡೆ ಇರುವ ಕಾಫಿ ಖರೀದಿ ಡಿಪೋಗಳ ಕಂಪ್ಯೂಟರ್, ನೆಟ್‌ವರ್ಕ್‌ಗಳನ್ನು ಕುಶಾಲನಗರದಿಂದ ನೋಡಿಕೊಳ್ಳುವುದು ನಮ್ಮ ತಂಡದ ಕೆಲಸ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಫೈಬರ್ ತುಂಡಾಗುತ್ತದೆ, ಅಲರ್ಟ್‌ಗಳಿಗೆ ಕೊನೆಯೇ ಇರುವುದಿಲ್ಲ. ಅದಕ್ಕೇ ಒಂದು ಸ್ಕ್ರಿಪ್ಟ್, ಅಂದರೆ ಡಿಪೋದ ಕಂಪ್ಯೂಟರ್‌ನಲ್ಲೇ ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ, ಬಂತು. ಡಿಪೋದ ಕಂಪ್ಯೂಟರ್‌ಗೆ ಮುಖ್ಯ ಸರ್ವರ್ ಸಿಗದಿದ್ದರೆ ತೂಕದ ಸಾಫ್ಟ್‌ವೇರ್ ರೀಸ್ಟಾರ್ಟ್ ಮಾಡುವುದು, ಟಿಕೆಟ್ (ತೊಂದರೆಯ ದಾಖಲೆ) ತೆರೆದು ತಾನೇ ಮುಚ್ಚುವುದು, ಇಷ್ಟೇ. ಮಳೆಗಾಲ ಪೂರ್ತಿ ಚೆನ್ನಾಗಿಯೇ ನಡೆಯಿತು.

ಕೊಯ್ಲು ಶುರುವಾದ ಮೇಲೆ ಒಂದು ಡಿಪೋದಿಂದ ಫೋನ್: 'ಸಾರ್, ತೂಕದ ಚೀಟಿ ಅರ್ಧ ಟೈಪ್ ಮಾಡೋ ಹೊತ್ತಿಗೆ ಎಲ್ಲ ಮಾಯ ಆಗ್ತಿದೆ, ಹೊರಗೆ ಜೀಪ್‌ಗಳು ಸಾಲಾಗಿ ನಿಂತಿವೆ.' ಅಲ್ಲಿ ಸಾಫ್ಟ್‌ವೇರ್‌ಗೆ ಏನೂ ಆಗಿರಲಿಲ್ಲ, ಮುಖ್ಯ ಸರ್ವರ್‌ನ ಲಿಂಕ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ. ಕಡಿದಿದ್ದು ಫೈಬರ್. ಆದರೆ ಸ್ಕ್ರಿಪ್ಟ್ ಮಾತ್ರ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುತ್ತಲೇ ಇತ್ತು, ಲಿಂಕ್ ಬಂದ ಮೇಲೆ ನೋಡಿದರೆ ಟಿಕೆಟ್‌ಗಳೆಲ್ಲ 'ಪರಿಹಾರವಾಗಿದೆ' ಅಂತ ಮುಚ್ಚಿಕೊಂಡಿದ್ದವು!

ಐಟಿಐಎಲ್ (ಐಟಿ ಸೇವೆಗಳನ್ನು ನಡೆಸುವ ಬಗೆಗಿನ ಮಾರ್ಗದರ್ಶಿ) ಓದಿದವರಿಗೆ ಸ್ಟ್ಯಾಂಡರ್ಡ್ ಚೇಂಜ್ ಗೊತ್ತಿರುತ್ತದೆ. ಅಪಾಯ ಕಡಿಮೆ, ಮಾಡುವ ಕ್ರಮ ಗೊತ್ತಿದೆ ಅಂತ ಮೊದಲೇ ಒಪ್ಪಿಗೆ ಪಡೆದ ಬದಲಾವಣೆ. ರೀಸ್ಟಾರ್ಟ್ ಅದೇ ಪಟ್ಟಿಯಲ್ಲಿತ್ತು. ಆ ಒಪ್ಪಿಗೆ ಕೊಟ್ಟಿದ್ದು ಒಬ್ಬ ಮನುಷ್ಯ ಡಿಪೋಗೆ ಫೋನ್ ಮಾಡಿ, ಕೇಳಿ, ಒಂದು ಸಲ ಮಾಡುವ ಕೆಲಸಕ್ಕೆ. ಸ್ಕ್ರಿಪ್ಟ್‌ಗೆ ಕೊಡುವಾಗ ಅಪಾಯವನ್ನು ಹೊಸದಾಗಿಯೇ ಲೆಕ್ಕ ಹಾಕಬೇಕು: ಯಾವ ಹೊತ್ತಲ್ಲಿ, ಎಷ್ಟು ಸಲ, ಒಟ್ಟಿಗೆ ಎಷ್ಟು ಕಡೆ? ಇದನ್ನು ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಬೆಳೆಗಾರ ದಿನವೆಲ್ಲ ಕಾದು ವಾಪಸ್ ಹೋದ ಲೆಕ್ಕ ಯಾವ ರಿಪೋರ್ಟ್‌ನಲ್ಲೂ ಬರುವುದಿಲ್ಲ.

ಈಗ ಸ್ಕ್ರಿಪ್ಟ್ ಮೊದಲು ಲಿಂಕ್ ನೋಡುತ್ತದೆ, ಅದೇ ಹೋಗಿದ್ದರೆ ಏನನ್ನೂ ಮುಟ್ಟುವುದಿಲ್ಲ. ಚೀಟಿ ತೆರೆದಿದ್ದರೆ ಕಾಯುತ್ತದೆ. ಎರಡು ಸಲ ರೀಸ್ಟಾರ್ಟ್ ಮಾಡಿಯೂ ಸರಿಹೋಗದಿದ್ದರೆ ಸುಮ್ನೆ ನಿಂತು ಡ್ಯೂಟಿಯಲ್ಲಿರುವವರಿಗೆ ಮೆಸೇಜ್ ಕಳಿಸುತ್ತದೆ. ಟಿಕೆಟ್ ಮುಚ್ಚುವುದು ಡಿಪೋದವರು ಸರಿಹೋಯ್ತು ಅಂದ ಮೇಲೆಯೇ.

ಅಪ್‌ಡೇಟ್‌ಗಳನ್ನೂ ಒಟ್ಟಿಗೆ ಕಳಿಸುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಅಪ್‌ಡೇಟ್‌ನ ಒಂದು ಕೆಟ್ಟ ಫೈಲ್ ತಾನಾಗಿಯೇ ಹರಡಿ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟವು. ಒಂದೂವರೆ ಗಂಟೆಯೊಳಗೆ ಕಂಪನಿ ಅದನ್ನು ಹಿಂತೆಗೆದುಕೊಂಡಿತ್ತು. ಆದರೂ ಬೂಟ್ ಆಗದ ಎಷ್ಟೋ ಯಂತ್ರಗಳ ಮುಂದೆ ಒಬ್ಬೊಬ್ಬರು ಹೋಗಿ ಕೂತು ಆ ಫೈಲ್ ಅಳಿಸಬೇಕಾಯಿತು, ಕೂತಲ್ಲಿಂದ ಸರಿಮಾಡುವ ದಾರಿ ಇರಲಿಲ್ಲ. ಅದಕ್ಕೇ ನಮ್ಮಲ್ಲಿ ಯಾವುದೇ ಅಪ್‌ಡೇಟ್ ಮೊದಲು ಹೋಗುವುದು ಕುಶಾಲನಗರದ ಡಿಪೋಗೆ, ಬೈಕ್‌ನಲ್ಲಿ ಹೋಗಿ ನೋಡಬಹುದು ಅಲ್ವಾ. ಆಮೇಲೆ ಮಡಿಕೇರಿ, ವಿರಾಜಪೇಟೆ. ಭಾಗಮಂಡಲದ ಕಡೆಯದು ಎಲ್ಲಕ್ಕಿಂತ ಕೊನೆಗೆ, ಜುಲೈ-ಆಗಸ್ಟ್‌ನಲ್ಲಂತೂ ಮುಟ್ಟುವುದೇ ಇಲ್ಲ. ಅಲ್ಲಿ ಹೊಳೆ ಉಕ್ಕಿ ರಸ್ತೆ ಮುಳುಗಿದರೆ ನಾವು ಹೋಗಿ ತಲುಪುವಂತಿಲ್ಲ.